ಸರ್ವರಿನ ಸಾಮಾನು ಪಟ್ಟಿ

ಪುರೋಹಿತರು ಬರೆದುಕೊಟ್ಟ ಚೀಟಿ ಹಿಡಿದು ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಗೆ ಹೋದವರಿಗೆ ಗೊತ್ತು, ಅಲ್ಲಿ ಹೆಚ್ಚು ಮಾತಿಗೆ ಅವಕಾಶವಿಲ್ಲ. ಗಣಹೋಮವೋ ಗೃಹಪ್ರವೇಶವೋ, ಅಂಗಡಿಯವರು ಚೀಟಿಯ ಮೇಲೊಮ್ಮೆ ಕಣ್ಣಾಡಿಸಿ ದರ್ಭೆ, ಸಮಿತ್ತು, ಕೊಬ್ಬರಿ ಗಿಟುಕು, ನವಧಾನ್ಯ, ಕರ್ಪೂರ ಎಲ್ಲವನ್ನೂ ಅಳೆದು ಪೊಟ್ಟಣ ಕಟ್ಟಿ ಒಂದೇ ಚೀಲಕ್ಕೆ ಇಳಿಸುತ್ತಾರೆ. ಯಾವ ಸಾಮಾನು ಎಲ್ಲಿಗೆ ಎಂಬುದು ಮನೆಯ ಯಜಮಾನರಿಗೆ ತಿಳಿದಿರಬೇಕಿಲ್ಲ. ಚೀಟಿ ಸರಿಯಿದ್ದರೆ ಆಯಿತು. ಅದೇ ಚೀಟಿ ಮುಂದಿನ ವರ್ಷ ಮಲ್ಲೇಶ್ವರದಲ್ಲಿರುವ ತಂಗಿಯ ಮನೆಗೂ ನಡೆಯುತ್ತದೆ, 8ನೇ ಕ್ರಾಸಿನ ಅಂಗಡಿಯಲ್ಲೂ ನಡೆಯುತ್ತದೆ.

ಇದೇ ಬಡಾವಣೆಗಳ ಮಹಡಿ ಮನೆಗಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಸಿಸ್ಟಮ್ ಅಡ್ಮಿನ್‌ಗಳು ಸರ್ವರ್‌ಗಳಿಗೆ ಮಾಡುವ ಉಪಚಾರವೂ ಬಹುಮಟ್ಟಿಗೆ ಹೀಗೇ ಇದೆ. ಸರ್ವರೊಂದನ್ನು ಸಜ್ಜುಗೊಳಿಸಲು ಬೇಕಾದ ಹಂತಗಳನ್ನು ಯಾರೋ ಒಮ್ಮೆ ಬರೆದು, ಕಟ್ಟು ಕಟ್ಟಿ, ಎಲ್ಲರಿಗೂ ಸಿಗುವ ಹಾಗೆ ಇಟ್ಟಿರುತ್ತಾರೆ. ಬೇಕಾದವರು ಪಟ್ಟಿ ಬರೆದು, ಟರ್ಮಿನಲ್‌ನಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟು, ಆ ಕಟ್ಟುಗಳನ್ನು ತರಿಸಿಕೊಳ್ಳುತ್ತಾರೆ. ಈ ವಿದ್ಯೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಕಂಪ್ಯೂಟರ್ ಕಸುಬಿನವರಿಗಷ್ಟೇ ಬೇಕಾದ ಸಂಗತಿ ಎಂದು ನನಗನ್ನಿಸುವುದಿಲ್ಲ. ನಮ್ಮ ಮಕ್ಕಳ ಪಠ್ಯಪುಸ್ತಕದವರೆಗೂ ಇದು ಬಂದುಬಿಟ್ಟಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಚಾಮರಾಜಪೇಟೆಯಲ್ಲೊಂದು ಪುಸ್ತಕ ಪ್ರಕಾಶನವಿದೆ ಎಂದುಕೊಳ್ಳಿ. ಸಾಹಿತ್ಯ ಪರಿಷತ್ತಿನ ಆಸುಪಾಸಿನಲ್ಲಿ ಇದೇನೂ ದೂರದ ಕಲ್ಪನೆಯಲ್ಲ. ಅವರು ಆನ್‌ಲೈನ್‌ನಲ್ಲಿ ಪುಸ್ತಕ ಮಾರಬೇಕು. ತಿಂಗಳ ಬಾಡಿಗೆಗೆ ಒಂದು ಲಿನಕ್ಸ್ ಸರ್ವರ್ ಹಿಡಿಯುತ್ತಾರೆ. ಅದಕ್ಕೆ ಎಂಜಿನ್‌ಎಕ್ಸ್ ಹಾಕಬೇಕು, ಪಿಎಚ್‌ಪಿ ಹಾಕಬೇಕು, ಮೈಎಸ್‌ಕ್ಯೂಎಲ್ ದತ್ತಸಂಚಯ ಕೂರಿಸಬೇಕು, ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸುರಕ್ಷತಾ ಪ್ರಮಾಣಪತ್ರ ತರಬೇಕು, ಫೈರ್‌ವಾಲ್ ಬಿಗಿಮಾಡಬೇಕು, ರಾತ್ರಿ ಹೊತ್ತು ಬ್ಯಾಕಪ್ ನಡೆಯುವಂತೆ ಹೇಳಿಡಬೇಕು. ಪರಿಚಯದ ಹುಡುಗನೊಬ್ಬ ಎರಡು ಸಂಜೆ ಕೂತು ಎಲ್ಲವನ್ನೂ ಕೈಯಾರೆ ಮಾಡಿ ಮುಗಿಸುತ್ತಾನೆ. ಮೂರು ವರ್ಷದ ಮೇಲೆ ಬಾಡಿಗೆ ದುಬಾರಿಯಾಗಿ ಸರ್ವರ್ ಬದಲಿಸಬೇಕಾಗುತ್ತದೆ. ಅಷ್ಟರಲ್ಲಿ ಹುಡುಗ ಟೊರಾಂಟೊ ಸೇರಿದ್ದಾನೆ. ಯಾವ ಫೈಲಿನ ಯಾವ ಸಾಲು ತಿದ್ದಿದ್ದ ಎಂಬುದು ಅವನಿಗೇ ನೆನಪಿಲ್ಲ. ಕನ್ನಡದ ಎಷ್ಟೋ ಒಳ್ಳೆಯ ಜಾಲತಾಣಗಳು ಕಣ್ಮುಚ್ಚಿದ್ದು ದುಡ್ಡಿಲ್ಲದೆ ಎಂದು ನಾವು ಮರುಗುತ್ತೇವೆ. ಬರೆದಿಡದ ಕೆಲಸದ ಪಾಲೂ ಅದರಲ್ಲಿ ದೊಡ್ಡದಿದೆ ಎಂಬುದು ನನ್ನ ಅಂದಾಜು.

ಕೈಕೆಲಸವನ್ನು ಬರಹಕ್ಕಿಳಿಸುವ ಪ್ರಯತ್ನ ಹೊಸದೇನಲ್ಲ. ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಬರ್ಗೆಸ್ 1993ರಲ್ಲಿ ಸಿಎಫ್‌ಎಂಜಿನ್ ಬರೆದರು. ಹಂತಗಳನ್ನು ಒಂದೊಂದಾಗಿ ಹೇಳುವ ಬದಲು ಸರ್ವರ್ ಕೊನೆಗೆ ಯಾವ ಸ್ಥಿತಿಯಲ್ಲಿರಬೇಕು ಎಂದು ಹೇಳಿ, ಅಲ್ಲಿಗೆ ಮುಟ್ಟಿಸುವ ಹೊಣೆಯನ್ನು ತಂತ್ರಾಂಶಕ್ಕೇ ಬಿಡುವುದು ಅವರ ಮುಖ್ಯ ಹೊಳಹು. 2005ರಲ್ಲಿ ಲ್ಯೂಕ್ ಕೇನೀಸ್ ಅವರ ಪಪೆಟ್, 2009ರಲ್ಲಿ ಶೆಫ್, 2012ರಲ್ಲಿ ಮೈಕೆಲ್ ಡಿಹಾನ್ ಅವರ ಆನ್ಸಿಬಲ್ ಬಂದವು. ಪ್ರತಿಯೊಂದಕ್ಕೂ ಒಂದೊಂದು ಸಾರ್ವಜನಿಕ ಭಂಡಾರ ಹುಟ್ಟಿಕೊಂಡಿತು. ಪಪೆಟ್‌ಗೆ ಫೋರ್ಜ್, ಶೆಫ್‌ಗೆ ಸೂಪರ್‌ಮಾರ್ಕೆಟ್, ಆನ್ಸಿಬಲ್‌ಗೆ ಗ್ಯಾಲಕ್ಸಿ. 2015ರಲ್ಲಿ ರೆಡ್ ಹ್ಯಾಟ್ ಕಂಪನಿ ಆನ್ಸಿಬಲ್ಲನ್ನು ಕೊಂಡಿತು. 2019ರಲ್ಲಿ ರೆಡ್ ಹ್ಯಾಟನ್ನು ಐಬಿಎಂ ಕೊಂಡಿತು. ನಾನಿಲ್ಲಿ ಆನ್ಸಿಬಲ್ಲನ್ನೇ ಹಿಡಿದು ಹೇಳುತ್ತೇನೆ. ಎಸ್‌ಎಸ್‌ಎಚ್ ಎಂಬ ದೂರದ ಲಾಗಿನ್ ದಾರಿಯ ಮೂಲಕ ಒಳಹೊಕ್ಕು ಕೆಲಸ ಮುಗಿಸಿ ಹೊರಬರುವ ಇದಕ್ಕೆ ಆ ಕಡೆಯ ಯಂತ್ರದಲ್ಲಿ ಸಾಮಾನ್ಯವಾಗಿ ಪೈಥಾನ್ ಇದ್ದರೆ ಸಾಕು. ಬೇರೆ ಕಾವಲುಗಾರನನ್ನು ಅಲ್ಲಿ ಕೂರಿಸಬೇಕಿಲ್ಲ. ಸಣ್ಣ ಸಂಸ್ಥೆಗಳಿಗೆ ಇದು ಒಗ್ಗಲು ಕಾರಣವೂ ಅದೇ.

ಆನ್ಸಿಬಲ್ ಲೋಕದಲ್ಲಿ ಕಟ್ಟುಗಳು ಎರಡು ಬಗೆ. ಒಂದು ಕೆಲಸಕ್ಕೆ ಒಂದು ಎಂಬಂತಿರುವುದು ರೋಲ್. ಹಲವು ರೋಲ್‌ಗಳು, ಮಾಡ್ಯೂಲ್‌ಗಳು, ಪ್ಲಗಿನ್‌ಗಳು ಒಟ್ಟಾಗಿರುವ ದೊಡ್ಡ ಮೂಟೆ ಕಲೆಕ್ಷನ್. 2019ರ 2.9ನೇ ಆವೃತ್ತಿಯ ಹೊತ್ತಿಗೆ ಕಲೆಕ್ಷನ್ ಬಳಕೆಗೆ ಬಂತು. ಮರುವರ್ಷ 2.10ರಲ್ಲಿ ಅದುವರೆಗೆ ಒಂದೇ ಮನೆಯಲ್ಲಿದ್ದ ಸಾವಿರಾರು ಮಾಡ್ಯೂಲ್‌ಗಳು ಪಾಲಾಗಿ ಬೇರೆ ಬೇರೆ ಕಲೆಕ್ಷನ್‌ಗಳಿಗೆ ಹೋದವು. ಎರಡಕ್ಕೂ ಆಜ್ಞೆ ಒಂದೇ ಹೆಸರಿನದು: ಆನ್ಸಿಬಲ್-ಗ್ಯಾಲಕ್ಸಿ.

'ಆನ್ಸಿಬಲ್-ಗ್ಯಾಲಕ್ಸಿ ರೋಲ್ ಇನಿಟ್' ಎಂದು ಕೊಟ್ಟು ಮುಂದೆ ಒಂದು ಹೆಸರು ಬರೆದರೆ ಆ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ಒಳಗೆ ಟಾಸ್ಕ್ಸ್, ಹ್ಯಾಂಡ್ಲರ್ಸ್, ಟೆಂಪ್ಲೇಟ್ಸ್, ಫೈಲ್ಸ್, ಡಿಫಾಲ್ಟ್ಸ್, ವಾರ್ಸ್, ಮೆಟಾ ಎಂಬ ಖಾಲಿ ಕೋಣೆಗಳು. ಮಾಡಬೇಕಾದ ಕೆಲಸಗಳು ಟಾಸ್ಕ್ಸ್‌ನಲ್ಲಿ. ಸಂರಚನೆ ಬದಲಾದಾಗ ಮಾತ್ರ ಎಂಜಿನ್‌ಎಕ್ಸನ್ನು ಮತ್ತೆ ಶುರುಮಾಡು ಎಂಬಂಥ ಸೂಚನೆ ಹ್ಯಾಂಡ್ಲರ್ಸ್‌ನಲ್ಲಿ. ಈ ರೋಲ್ ಇನ್ಯಾವ ರೋಲನ್ನು ನೆಚ್ಚಿಕೊಂಡಿದೆ ಎಂಬುದು ಮೆಟಾದಲ್ಲಿ. ಯಾರು ಬರೆದ ರೋಲನ್ನು ತೆರೆದರೂ ಕೋಣೆಗಳು ಇವೇ ಆದ್ದರಿಂದ ಬೇರೆಯವರ ಕೆಲಸದೊಳಗೆ ದಾರಿ ತಪ್ಪುವ ಭಯವಿಲ್ಲ. ಈ ಶಿಸ್ತಿಲ್ಲದೆ ಹಂಚಿಕೊಳ್ಳುವ ಮಾತು ಮುಂದುವರಿಯುತ್ತಲೇ ಇರಲಿಲ್ಲ.

ತರಿಸಿಕೊಳ್ಳುವವರು ಮಾಡಬೇಕಾದ್ದು ಪಟ್ಟಿ ಬರೆಯುವುದು. ರಿಕ್ವೈರ್‌ಮೆಂಟ್ಸ್.ವೈಎಂಎಲ್ ಎಂಬ ಪುಟ್ಟ ಫೈಲು. ಕಲೆಕ್ಷನ್ಸ್ ಎಂಬ ತಲೆಬರಹದ ಕೆಳಗೆ ಕಮ್ಯುನಿಟಿ.ಜನರಲ್, ಅದರ ಮುಂದೆ ಆವೃತ್ತಿ 9.0.0ಕ್ಕೆ ಕಡಿಮೆಯಿಲ್ಲದ್ದು, 10.0.0ಕ್ಕಿಂತ ಕೆಳಗಿನದು ಎಂಬ ಕರಾರು. ಆಮೇಲೆ 'ಆನ್ಸಿಬಲ್-ಗ್ಯಾಲಕ್ಸಿ ಕಲೆಕ್ಷನ್ ಇನ್‌ಸ್ಟಾಲ್ -ಆರ್ ರಿಕ್ವೈರ್‌ಮೆಂಟ್ಸ್.ವೈಎಂಎಲ್' ಎಂದು ಕೊಟ್ಟು ಎಂಟರ್ ಒತ್ತಿದರೆ, ಟರ್ಮಿನಲ್ ಮೊದಲು ಅವಲಂಬನೆಗಳ ನಕ್ಷೆ ಹಾಕಿಕೊಳ್ಳುತ್ತಿದ್ದೇನೆ ಎನ್ನುತ್ತದೆ, ಬಳಿಕ ಇಂಥ ಆವೃತ್ತಿಯನ್ನು ಇಂಥ ಫೋಲ್ಡರಿಗೆ ಇಳಿಸುತ್ತಿದ್ದೇನೆ ಎನ್ನುತ್ತದೆ, ಕೊನೆಗೆ ಯಶಸ್ವಿಯಾಯಿತು ಎಂದು ಒಂದು ಸಾಲು. ಅಷ್ಟೇ. ಏನೇನು ಬಂದಿದೆ ನೋಡಲು 'ಕಲೆಕ್ಷನ್ ಲಿಸ್ಟ್'. ಬಂದದ್ದು ಭಂಡಾರದಲ್ಲಿರುವುದಕ್ಕೆ ಅಕ್ಷರಶಃ ಸಮನಾಗಿದೆಯೇ ಎಂದು ತಾಳೆ ನೋಡಲು 'ಕಲೆಕ್ಷನ್ ವೆರಿಫೈ'. ಈ ಕೊನೆಯದನ್ನು ಬಳಸುವವರು ಬಹಳ ಕಡಿಮೆ, ಬಳಸಬೇಕಾದವರು ಬಹಳ.

ಇಲ್ಲಿ ಒಂದು ಸೂಕ್ಷ್ಮ. ಕಲೆಕ್ಷನ್ ಈಗಾಗಲೇ ಯಂತ್ರದಲ್ಲಿದ್ದು ಕರಾರಿಗೆ ಹೊಂದುತ್ತಿದ್ದರೆ, ಇನ್‌ಸ್ಟಾಲ್ ಎಂದು ಮತ್ತೆ ಹೇಳಿದರೂ ಅದು ತೆಪ್ಪಗಿರುತ್ತದೆ. ಹೊಸದೇ ಬೇಕೆಂದರೆ 'ಅಪ್‌ಗ್ರೇಡ್' ಎಂದು ಬಿಡಿಸಿ ಹೇಳಬೇಕು. ಹಾಗಾಗಿ ಪಟ್ಟಿಯಲ್ಲಿ ಆವೃತ್ತಿಯನ್ನೇ ಬರೆಯದ ತಂಡದಲ್ಲಿ ಹಳಬರ ಲ್ಯಾಪ್‌ಟಾಪಿನಲ್ಲಿ ಹೋದ ವರ್ಷದ ಕಟ್ಟು, ನಿನ್ನೆ ಸೇರಿದವರ ಲ್ಯಾಪ್‌ಟಾಪಿನಲ್ಲಿ ಇವತ್ತಿನ ಕಟ್ಟು. ಯಾವ ಸರ್ವರಿಗೆ ಯಾವ ರೋಲ್ ಎಂದು ಬರೆದ ಒಂದೇ ಪ್ಲೇಬುಕ್ಕನ್ನು ಇಬ್ಬರೂ ಓಡಿಸುತ್ತಾರೆ, ಫಲ ಬೇರೆ ಬೇರೆ. ಕಮ್ಯುನಿಟಿ.ಜನರಲ್‌ನಂಥ ಕಲೆಕ್ಷನ್‌ಗೆ ಆರು ತಿಂಗಳಿಗೊಮ್ಮೆ ದೊಡ್ಡ ಆವೃತ್ತಿ ಬರುತ್ತದೆ. 9.0.0 ಬಂದದ್ದು 2024ರ ಮೇ ತಿಂಗಳಲ್ಲಿ, 10.0.0 ಅದೇ ವರ್ಷದ ನವೆಂಬರಿನಲ್ಲಿ. ಮೊದಲ ಅಂಕಿ ಬದಲಾಯಿತೆಂದರೆ ಹಳೆಯ ಕೆಲವು ಸೌಲಭ್ಯಗಳು ತೆಗೆದುಹಾಕಲ್ಪಟ್ಟಿರಬಹುದು ಎಂದು ಅರ್ಥ. ಹಲವು ಪ್ರೋಗ್ರಾಮಿಂಗ್ ಭಾಷೆಗಳ ಪ್ಯಾಕೇಜ್ ವ್ಯವಸ್ಥೆಗಳಲ್ಲಿ ತರಿಸಿಕೊಂಡ ಪ್ರತಿಯೊಂದರ ಖಚಿತ ಆವೃತ್ತಿಯನ್ನು ತಾನಾಗಿ ಬರೆದಿಡುವ ಲಾಕ್ ಫೈಲ್ ಇದೆ. ಆನ್ಸಿಬಲ್-ಗ್ಯಾಲಕ್ಸಿಗೆ ಅದಿಲ್ಲ. ನಾವೇ ಬರೆದಿಡಬೇಕು. ಇಷ್ಟು ವರ್ಷವಾದರೂ ಇದನ್ನು ಸರಿಪಡಿಸದಿರುವುದು ನನ್ನ ದೃಷ್ಟಿಯಲ್ಲಿ ಈ ಸಾಧನದ ದೊಡ್ಡ ಕೊರತೆ.

ಚಾಮರಾಜಪೇಟೆಯ ಪ್ರಕಾಶನಕ್ಕೆ ಮರಳೋಣ. ಟೊರಾಂಟೊ ಹುಡುಗನ ಜಾಗಕ್ಕೆ ಬಂದವರು ಈ ಸಲ ಬುದ್ಧಿವಂತಿಕೆಯಿಂದ ಗ್ಯಾಲಕ್ಸಿಯ ರೋಲ್‌ಗಳನ್ನು ತರಿಸಿಕೊಂಡರು. ಪ್ಲೇಬುಕ್ ಓಡಿತು. ಮುಗಿದಾಗ ಟರ್ಮಿನಲ್ ಒಂದು ಲೆಕ್ಕ ಕೊಡುತ್ತದೆ: ಇಷ್ಟು ಸರಿಯಿದೆ, ಇಷ್ಟು ಬದಲಾಯಿತು, ಇಷ್ಟು ವಿಫಲ. ಎರಡನೇ ಸಲ ಓಡಿಸಿದಾಗ 'ಬದಲಾದದ್ದು 0' ಎಂದು ಬಂದರೆ ರೋಲ್ ಚೆನ್ನಾಗಿ ಬರೆದದ್ದು ಎಂದು ತಿಳಿಯಬಹುದು. ಬರ್ಗೆಸ್ ಬಯಸಿದ್ದೂ ಇದನ್ನೇ. ಆದರೆ ಹಳೆಯ ದತ್ತಾಂಶ ತುಂಬಿದ ಮೇಲೆ ಪುಸ್ತಕಗಳ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಕಾರಣ ಸರಳ. 2018ರಲ್ಲಿ ಬಂದ 8.0ಕ್ಕಿಂತ ಹಿಂದಿನ ಮೈಎಸ್‌ಕ್ಯೂಎಲ್ ತಾನಾಗಿ ಹಿಡಿಯುತ್ತಿದ್ದ ಎನ್‌ಕೋಡಿಂಗ್ ಲ್ಯಾಟಿನ್1. ಅದರಲ್ಲಿ ಪಶ್ಚಿಮ ಯುರೋಪಿನ ಲಿಪಿಗೆ ಜಾಗವುಂಟು, ಕನ್ನಡಕ್ಕಿಲ್ಲ. ರೋಲ್ ಆ ಲ್ಯಾಟಿನ್1ನ್ನೇ ಬದಲಿಸದೆ ಡಿಫಾಲ್ಟ್ ಆಗಿ ಉಳಿಸಿದ್ದರೆ, ಬರೆದವರಿಗೆ ಅಂಥ ಅಗತ್ಯ ಬಿದ್ದಿರಲಿಲ್ಲ ಎಂದಷ್ಟೇ.

ಬ್ಯಾಕಪ್ಪಿನದೂ ಇಂಥದೇ ಕಥೆ. ರಾತ್ರಿ 2 ಗಂಟೆಗೆ ಎಂದು ಹೇಳಿಟ್ಟದ್ದು ಬೆಳಿಗ್ಗೆ 7.30ಕ್ಕೆ, ಜನ ಕಾಫಿ ಕುಡಿಯುತ್ತಾ ಪುಸ್ತಕ ಹುಡುಕುವ ಹೊತ್ತಿಗೆ, ನಡೆಯುತ್ತದೆ. ಸರ್ವರಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ವಿಶ್ವ ಸಮಯದಲ್ಲಿರುತ್ತದೆ. ಬಹಳಷ್ಟು ರೋಲ್‌ಗಳ ಡಿಫಾಲ್ಟ್ ಕೂಡ ಅದೇ.

ಇದನ್ನು ತಿದ್ದುವ ರೀತಿಯಲ್ಲಿಯೇ ಈ ಕಸುಬಿನ ಗುಟ್ಟಿದೆ. ಇಳಿಸಿಕೊಂಡ ರೋಲಿನ ಫೋಲ್ಡರಿನೊಳಗೇ ಕೈಹಾಕಿ ಲ್ಯಾಟಿನ್1 ಇದ್ದಲ್ಲಿ ಕನ್ನಡಕ್ಕೂ ಜಾಗವಿರುವ ಯುಟಿಎಫ್8ಎಂಬಿ4 ಎಂದು, ಯುಟಿಸಿ ಇದ್ದಲ್ಲಿ ಏಷ್ಯಾ/ಕೋಲ್ಕತ್ತಾ ಎಂದು ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಬರೆದರೆ ಕೆಲಸವೂ ಆಗುತ್ತದೆ, ಮುಂದಿನ ಸಲ 'ಫೋರ್ಸ್' ಎಂದು ಸೇರಿಸಿ ಅದೇ ರೋಲನ್ನು ಮತ್ತೆ ತರಿಸುವವರೆಗೆ. ಆಗ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ, ಎಚ್ಚರಿಕೆಯ ಮಾತೂ ಇರುವುದಿಲ್ಲ. ರೋಲಿನ ಡಿಫಾಲ್ಟ್ಸ್ ಕೋಣೆಯಲ್ಲಿರುವ ಬೆಲೆಗಳಿಗೆ ಆನ್ಸಿಬಲ್ ಎಲ್ಲಕ್ಕಿಂತ ಕೆಳಗಿನ ದರ್ಜೆ ಕೊಟ್ಟಿರುವುದೇ ಬಳಸುವವರು ಅವನ್ನು ಹೊರಗಿನಿಂದ ಮೀರಲಿ ಎಂದು. ನಿಮ್ಮ ಸರ್ವರ್‌ಗಳ ಪಟ್ಟಿಯೂ ಅವುಗಳ ಬೆಲೆಗಳೂ ಇರುವ ಇನ್ವೆಂಟರಿಯಲ್ಲಿ ಅದೇ ಹೆಸರಿಗೆ ಬೇರೆ ಬೆಲೆ ಕೊಟ್ಟರೆ ಅದೇ ಗೆಲ್ಲುತ್ತದೆ. ಕನ್ನಡದ ಎನ್‌ಕೋಡಿಂಗ್, ಇಲ್ಲಿನ ಗಡಿಯಾರ ಎರಡೂ ನಿಮ್ಮ ಮನೆಯ ಫೈಲಿನಲ್ಲಿ, ಕಟ್ಟಿನ ಹೊರಗೆ ಇರಬೇಕು.

ಇನ್ನು ಪಠ್ಯಪುಸ್ತಕದ ಮಾತು. ಬನಶಂಕರಿ 3ನೇ ಹಂತದಲ್ಲಿ ಕಚೇರಿಯಿರುವ ಕರ್ನಾಟಕ ಪಠ್ಯಪುಸ್ತಕ ಸಂಘ ಹೊರತಂದ ಪುಸ್ತಕಗಳಲ್ಲಿ ಪಾಠದ ಪಕ್ಕ ಕ್ಯೂಆರ್ ಕೋಡ್ ನೋಡಿರುತ್ತೀರಿ. ಅದರ ಕೆಳಗೆ ಆರು ಅಕ್ಷರ-ಅಂಕಿಗಳ ಒಂದು ಗುರುತು. ಸ್ಕ್ಯಾನ್ ಮಾಡಿದರೆ ದೀಕ್ಷಾ ವೇದಿಕೆಯಲ್ಲಿ ಆ ಪಾಠದ ವಿಡಿಯೊ, ಅಭ್ಯಾಸ ತೆರೆದುಕೊಳ್ಳುತ್ತದೆ. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನ, ಆರಂಭವಾದ ದೀಕ್ಷಾ ನಿಂತಿರುವುದು ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ. ಸನ್‌ಬರ್ಡ್ ರೂಪಿಸಿದ್ದು ನಂದನ್ ನಿಲೇಕಣಿ, ರೋಹಿಣಿ ನಿಲೇಕಣಿ, ಶಂಕರ್ ಮಾರುವಾಡ ಕಟ್ಟಿದ ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್. ಆ ಒಂದು ಸ್ಕ್ಯಾನಿನ ಹಿಂದೆ ಕಸಾಂಡ್ರ, ಎಲಾಸ್ಟಿಕ್‌ಸರ್ಚ್, ನಿಯೋ4ಜೆ, ಕಾಫ್ಕಾ, ರೆಡಿಸ್, ಕೀಕ್ಲೋಕ್ ಹೀಗೆ ಒಂದು ದಂಡೇ ದುಡಿಯುತ್ತದೆ. ಒಂದೊಂದನ್ನೂ ಕೈಯಾರೆ ಕೂರಿಸುತ್ತಾ ಹೋದರೆ ಶಾಲೆ ಮುಗಿದು ಬೇಸಿಗೆ ರಜೆ ಬಂದಿರುತ್ತದೆ. ಹಾಗಾಗಿ ಸನ್‌ಬರ್ಡ್ ತಂಡ ಇವುಗಳನ್ನು ಆನ್ಸಿಬಲ್ ರೋಲ್‌ಗಳಾಗಿ ಬರೆದು, ಯಾರು ಬೇಕಾದರೂ ತೆರೆದು ಓದುವಂತೆ ಗಿಟ್‌ಹಬ್‌ನಲ್ಲಿ ಇಟ್ಟಿತು. ಪಾಸ್‌ವರ್ಡ್‌ಗಳು, ವಿಳಾಸಗಳು ಮಾತ್ರ ಬಳಸುವವರ ಖಾಸಗಿ ಇನ್ವೆಂಟರಿಯಲ್ಲಿ. ಸರ್ಕಾರಿ ನೌಕರರ ತರಬೇತಿಗಾಗಿರುವ ಐಗಾಟ್ ಕರ್ಮಯೋಗಿ ಕೂಡ ಇದೇ ಸನ್‌ಬರ್ಡ್ ಮೇಲೆ ಎದ್ದದ್ದು.

ಇಂಥ ಕಟ್ಟುಗಳ ನಿಜವಾದ ಪರೀಕ್ಷೆ ಮನೆ ಬದಲಿಸುವಾಗ. ದೀಕ್ಷಾ ಮೊದಲಿದ್ದದ್ದು ಮೈಕ್ರೊಸಾಫ್ಟ್‌ನ ಅಜ್ಯೂರ್ ಕ್ಲೌಡಿನಲ್ಲಿ. ಕೇಂದ್ರ ಶಿಕ್ಷಣ ಸಚಿವಾಲಯ ಅದನ್ನು ಒರಾಕಲ್ ಕ್ಲೌಡಿಗೆ ತರುತ್ತಿದೆ ಎಂದು 2023ರಲ್ಲಿ ಒರಾಕಲ್ ಪ್ರಕಟಿಸಿತು. ಕಡತಗಳನ್ನು ಸಂಗ್ರಹಿಸುವ ವಿಧಾನ ಒಂದೊಂದು ಕ್ಲೌಡಿನಲ್ಲಿ ಒಂದೊಂದು ಥರ. ರೋಲಿನೊಳಗೆಲ್ಲ ಅಜ್ಯೂರ್ ಎಂದೇ ಬರೆದುಬಿಟ್ಟಿದ್ದರೆ ಮನೆ ಬದಲಿಸುವುದೆಂದರೆ ಗೋಡೆ ಒಡೆಯುವ ಕೆಲಸ. ಸಂಗ್ರಹದ ಭಾಗವನ್ನು ಬೇರೆ ರೋಲ್ ಮಾಡಿ, ಯಾವ ಕ್ಲೌಡ್ ಎಂಬುದನ್ನು ಒಂದು ಬೆಲೆಯಾಗಿ ಹೊರಗಿಟ್ಟರೆ ಕೆಲಸ ಹಗುರ. ಸಂಗ್ರಹದ ವಿಷಯದಲ್ಲೇ ಇನ್ನೊಂದು ಮಾತು. ಅದೇ 2023ರ ಜನವರಿಯಲ್ಲಿ, ದೀಕ್ಷಾ ಬಳಸಿದ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮಾಹಿತಿ ರಕ್ಷಣೆಯಿಲ್ಲದ ಕ್ಲೌಡ್ ಸಂಗ್ರಹವೊಂದರಲ್ಲಿ ತೆರೆದುಬಿದ್ದಿತ್ತು ಎಂದು ವೈರ್ಡ್ ಪತ್ರಿಕೆ ವರದಿ ಮಾಡಿತ್ತು. ಸಂಗ್ರಹದ ಬಾಗಿಲು ಯಾರಿಗೆ ತೆರೆದಿರಬೇಕು ಎಂಬುದನ್ನು ಯಾವ ಕಟ್ಟೂ ತಾನಾಗಿ ನಿರ್ಧರಿಸದು. ಅದನ್ನು ಬರೆಯುವ ಕೈ ಬೇರೆಯೇ.

ಕಟ್ಟು ಎಲ್ಲಿಂದ ಬರುತ್ತದೆ ಎಂಬುದನ್ನೂ ಸ್ವಲ್ಪ ನೋಡಬೇಕು. ಕಲೆಕ್ಷನ್ ಆದರೆ ಅದರ ಪೂರ್ತಿ ಮೂಟೆ ಗ್ಯಾಲಕ್ಸಿಯಲ್ಲೇ ಇರುತ್ತದೆ. ಒಮ್ಮೆ ಪ್ರಕಟವಾದ ಆವೃತ್ತಿಯ ಮೇಲೆ ಅದೇ ಸಂಖ್ಯೆಯ ಇನ್ನೊಂದನ್ನು ಹೇರಲಾಗದು. ಒಳಗಿನ ಪ್ರತಿ ಫೈಲಿಗೂ ಬೆರಳಚ್ಚಿನಂಥ ಚೆಕ್‌ಸಮ್ ಇರುತ್ತದೆ. ರೋಲ್ ಹಾಗಲ್ಲ. ಗ್ಯಾಲಕ್ಸಿಯಲ್ಲಿರುವುದು ಅದರ ವಿವರ ಮಾತ್ರ, ಸರಕು ಬರುವುದು ಬರೆದವರ ಗಿಟ್‌ಹಬ್ ಖಾತೆಯಿಂದ. ಅವರು ಖಾತೆ ಮುಚ್ಚಿದರೆ ಅಂದೇ ರೋಲ್ ಮಾಯ. 2016ರ ಮಾರ್ಚಿನಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಜಾವಾಸ್ಕ್ರಿಪ್ಟ್ ಪ್ಯಾಕೇಜನ್ನು ಬರೆದವರೇ ತೆಗೆದಾಗ ಜಗತ್ತಿನಾದ್ಯಂತ ಎಷ್ಟೋ ತಂಡಗಳ ಕೆಲಸ ಗಂಟೆಗಟ್ಟಲೆ ನಿಂತಿತ್ತು.

ಆನ್ಸಿಬಲ್ ಲೋಕದಲ್ಲಿ ಅತಿ ಹೆಚ್ಚು ಬಳಕೆಯ ರೋಲ್‌ಗಳನ್ನು ಬರೆದವರಲ್ಲೊಬ್ಬರು ಅಮೆರಿಕದ ಸೇಂಟ್ ಲೂಯಿಸ್‌ನ ಜೆಫ್ ಗೀರ್‌ಲಿಂಗ್. ಮೈಎಸ್‌ಕ್ಯೂಎಲ್, ಎಂಜಿನ್‌ಎಕ್ಸ್, ಡಾಕರ್ ಯಾವುದಕ್ಕೆ ಹುಡುಕಿದರೂ ಅವರ ರೋಲ್ ಮೊದಲ ಸಾಲಿನಲ್ಲಿ ಸಿಗುತ್ತದೆ. 2023ರ ಜೂನಿನಲ್ಲಿ ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ ಮೂಲಸಂಕೇತ ಎಲ್ಲರಿಗೂ ಸಿಗುವುದನ್ನು ಮಿತಿಗೊಳಿಸಿತು. ಅದನ್ನು ಒಪ್ಪದ ಗೀರ್‌ಲಿಂಗ್, ತಮ್ಮ ರೋಲ್‌ಗಳಲ್ಲಿ ಇನ್ನು ಆ ಲಿನಕ್ಸಿಗೆ ಬೆಂಬಲ ಕೊಡುವುದಿಲ್ಲ ಎಂದು ಸಾರಿದರು. ಅವರ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಎಣಿಕೆ. ಆದರೆ ಬೇರೊಂದು ಖಂಡದಲ್ಲಿ ಅವರ ರೋಲನ್ನು ಪಟ್ಟಿಗೆ ಸೇರಿಸಿಕೊಂಡು, ಎಂಟರ್‌ಪ್ರೈಸ್ ಲಿನಕ್ಸ್ ಓಡಿಸುತ್ತಿದ್ದ ತಂಡಕ್ಕೆ ಆ ಜಗಳದಲ್ಲಿ ಪಾಲೇ ಇರಲಿಲ್ಲ. ಆವೃತ್ತಿಯನ್ನು ಗಟ್ಟಿಮಾಡಿ ಬರೆದಿಟ್ಟವರಿಗೆ ಮುಂದೇನು ಎಂದು ಯೋಚಿಸಲು ಪುರಸೊತ್ತು ಸಿಕ್ಕಿತು, ಅಷ್ಟಾದರೂ ಸಿಕ್ಕಿತು.

ಯಾವಾಗಲೂ ಇತ್ತೀಚಿನದೇ ಒಳ್ಳೆಯದು ಎಂಬ ನಂಬಿಕೆಗೆ 2024ರ ಮಾರ್ಚಿನಲ್ಲಿ ಇನ್ನೂ ಜೋರಾದ ಪೆಟ್ಟು ಬಿತ್ತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ತಲೆ ಕೆರೆದುಕೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿರುವುದನ್ನು ಪತ್ತೆಹಚ್ಚಿದರು. ಸಿಕ್ಕಿಬಿದ್ದವರು ಬಹುತೇಕ ಹೊಸದನ್ನು ಬಂದ ಕೂಡಲೇ ಇಳಿಸಿಕೊಂಡವರು. ಆನ್ಸಿಬಲ್ ಒಳಹೋಗುವುದು ಎಸ್‌ಎಸ್‌ಎಚ್ ಬಾಗಿಲಿನಿಂದಲೇ ಎಂಬುದನ್ನು ಇಲ್ಲಿ ನೆನೆಯಬಹುದು. ಹಾಗೆಂದು ಹಳೆಯದಕ್ಕೇ ಅಂಟಿ ಕೂತರೆ ಬೇರೆ ತೂತುಗಳು ತೆರೆದುಕೊಳ್ಳುತ್ತವೆ. ಪಟ್ಟಿಯ ಅಂಕಿಗಳನ್ನು ತಾನಾಗಿ ಬದಲಾಗಲು ಬಿಡದೆ, ಮೂರು ತಿಂಗಳಿಗೊಮ್ಮೆ ಕೂತು, ಬದಲಾವಣೆಯ ಟಿಪ್ಪಣಿ ಓದಿ, ಪರೀಕ್ಷೆಗೆಂದೇ ಇಟ್ಟ ಸರ್ವರಿನಲ್ಲಿ ಓಡಿಸಿ, ಆಮೇಲೆ ಏರಿಸುವುದು. ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಬೆಂಗಳೂರಿನ ಹಳೆಯ ಲಿನಕ್ಸ್ ಬಳಗಕ್ಕೆ ಸರಕನ್ನು ಹತ್ತಿರ ಇಟ್ಟುಕೊಳ್ಳುವ ಅಭ್ಯಾಸ ಚೆನ್ನಾಗಿ ಗೊತ್ತಿತ್ತು. ಡಯಲ್-ಅಪ್ ಕಾಲದಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬರುವ ಸಿಡಿಯೇ ಲಿನಕ್ಸಿನ ದಾರಿ. ಆ ಯತ್ನದ ಹಿಂದಿದ್ದ ಅತುಲ್ ಚಿಟ್ನಿಸ್ ಮುಂದೆ ಗೆಳೆಯರೊಂದಿಗೆ 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಆರಂಭಿಸಿದರು. ಮಲ್ಲೇಶ್ವರ ಮುಗಿಯುವಲ್ಲಿ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣ ಆ ವರ್ಷಗಳಲ್ಲಿ ಲಿನಕ್ಸ್‌ನವರ ಜಾತ್ರೆಗೆ ಸಾಕ್ಷಿಯಾಯಿತು. 2005ರಿಂದ ಆ ಸಮ್ಮೇಳನದ ಹೆಸರು ಫಾಸ್.ಇನ್ ಆಯಿತು. ಈಗ ಇಂಟರ್ನೆಟ್ ಸದಾ ಇರುತ್ತದೆಂದು ಯಾರೂ ಪ್ರತಿ ಇಟ್ಟುಕೊಳ್ಳುವುದಿಲ್ಲ. 'ಕಲೆಕ್ಷನ್ ಡೌನ್‌ಲೋಡ್' ಎಂಬ ಆಜ್ಞೆ ಇರುವುದು ಇದಕ್ಕೇ. ಪಟ್ಟಿಯಲ್ಲಿರುವ ಎಲ್ಲ ಮೂಟೆಗಳನ್ನೂ, ಅವು ನೆಚ್ಚಿಕೊಂಡವನ್ನೂ ಒಂದು ಫೋಲ್ಡರಿಗೆ ಇಳಿಸಿ, ಅಲ್ಲಿಂದಲೇ ಮುಂದೆ ಸ್ಥಾಪಿಸಲು ಹೊಸ ಪಟ್ಟಿಯನ್ನೂ ಬರೆದುಕೊಡುತ್ತದೆ. ಹೊರಜಾಲಕ್ಕೆ ಸಂಪರ್ಕವಿಲ್ಲದ ಬ್ಯಾಂಕಿನ ಅಥವಾ ಸರ್ಕಾರದ ದತ್ತಕೇಂದ್ರಗಳಲ್ಲಿ ಇದಿಲ್ಲದೆ ಗತಿಯಿಲ್ಲ. ಪ್ರಕಾಶನದಂಥ ಸಣ್ಣವರಿಗೂ ಒಂದು ಪೆನ್‌ಡ್ರೈವ್ ಧಾರಾಳ ಸಾಕು.

ಹೊಸ ತಂಡಗಳ ಒಲವು ಈಗ ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟಿಸ್ ಕಡೆ, ಅಲ್ಲಿನ ಕಟ್ಟುಗಾರ ಹೆಲ್ಮ್. ಶ್ರೀಕಾಂತ್ ನಾದಮುನಿ ಮತ್ತು ನಂದನ್ ನಿಲೇಕಣಿ 2003ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇ-ಗವ್ ಫೌಂಡೇಶನ್ ತನ್ನ ನಗರಾಡಳಿತ ವೇದಿಕೆ ಡಿಜಿಟ್ಟನ್ನು ಹೆಲ್ಮ್ ಚಾರ್ಟ್‌ಗಳಾಗಿ ಹಂಚುತ್ತದೆ. ಸನ್‌ಬರ್ಡ್ ಕೂಡ ಅತ್ತ ವಾಲಿದೆ. ಹೆಲ್ಮ್‌ನಲ್ಲಿ ಪ್ರತಿ ಸ್ಥಾಪನೆಗೂ ಒಂದು ಕ್ರಮಸಂಖ್ಯೆ ಉಳಿಯುತ್ತದೆ, ಎಡವಟ್ಟಾದರೆ 'ರೋಲ್‌ಬ್ಯಾಕ್' ಎಂದು ಹಿಂದಿನದಕ್ಕೆ ಮರಳಬಹುದು. ಆನ್ಸಿಬಲ್‌ನಲ್ಲಿ ಹಿಂದಕ್ಕೆ ಹೋಗುವ ಆಜ್ಞೆಯೇ ಇಲ್ಲ. ಹಳೆಯ ಪಟ್ಟಿಯನ್ನು ಗಿಟ್‌ನಿಂದ ತೆಗೆದು ಮತ್ತೆ ಓಡಿಸಬೇಕು, ಹೊಸ ರೋಲ್ ಸೇರಿಸಿದ್ದನ್ನು ಹಳೆಯ ರೋಲ್ ತಾನಾಗಿ ತೆಗೆದುಹಾಕುವುದೂ ಇಲ್ಲ. ಆದರೂ ಎರಡು ಸರ್ವರ್, ಒಂದು ದತ್ತಸಂಚಯವಿರುವ ಕಚೇರಿಗೆ ಕುಬರ್ನೆಟಿಸ್ ತರುವುದು ಅತಿಯಾಯಿತು. ಅವರಿಗೆ ಬೇಕಾದ್ದು ಆವೃತ್ತಿ ಬರೆದ ಪಟ್ಟಿ, ಅದರ ಪಕ್ಕ ತಮ್ಮದೇ ಬೆಲೆಗಳ ಫೈಲು, ಪಾಸ್‌ವರ್ಡ್‌ಗಳಿಗೆ ಆನ್ಸಿಬಲ್ ವಾಲ್ಟ್, ಇವೆಲ್ಲ ಇರುವ ಒಂದು ಗಿಟ್ ಭಂಡಾರ. ಆ ಭಂಡಾರ ಸಂಸ್ಥೆಯ ಹೆಸರಿನ ಖಾತೆಯಲ್ಲಿರಲಿ, ಹುಡುಗನ ಸ್ವಂತ ಖಾತೆಯಲ್ಲಿ ಬೇಡ. ವಾಲ್ಟಿನ ಪಾಸ್‌ವರ್ಡ್ ಮಾತ್ರ ಭಂಡಾರದ ಹೊರಗೆ, ಕಾಗದದ ಮೇಲೆ, ಕಚೇರಿಯ ಬೀರುವಿನಲ್ಲಿರಲಿ.